ನೀರ್ಹೊಟ್ಟೆಯ ಬುಟ್ಟಿ

ಮೀನು ಕೊಯ್ಯುವ ಶೆಡ್ಡಿನಲ್ಲಿ ಆಕೆಗೆ ಕತ್ತಿಯಕ್ಕ ಎಂದು ಹೆಸರಿಟ್ಟವರು ಯಾರೋ, ಈಗ ಯಾರಿಗೂ ನೆನಪಿಲ್ಲ. ಅವಳಿಗಿಂತ ಹಿರಿಯರೂ ಹಾಗೇ ಕರೆಯುತ್ತಾರೆ. ಒಂದು ಸಲ ಅವಳ ಗಂಡನೇ ಬಲೆಯ ಹೊರೆ ಹೊತ್ತುಕೊಂಡು ಶೆಡ್ಡಿನ ಮುಂದೆ ಹಾದುಹೋಗುವಾಗ ಬಾಯಿತಪ್ಪಿ, "ಕತ್ತಿಯಕ್ಕಾ, ಬೀಗದ ಕೈ ಎಲ್ಲಿ?" ಎಂದು ಕೂಗಿಬಿಟ್ಟಿದ್ದ. ಎಂಟೂ ಕಟ್ಟೆಯ ಹೆಂಗಸರು ಕೆಲಸ ಬಿಟ್ಟು ನಕ್ಕಿದ್ದರು. "ಇನ್ನು ಮೇಲೆ ಮನೇಲಿ ತಮ್ಮನ ಥರ ಇರಪ್ಪ" ಎಂದು ಪಕ್ಕದ ಕಟ್ಟೆಯವಳು ಕಣ್ಣೊರೆಸಿಕೊಳ್ಳುತ್ತ ಹೇಳಿದ್ದಳು.

ಶೆಡ್ಡು ಇರುವುದು ಬಂದರಿನ ಹಿಂಬದಿಯಲ್ಲಿ, ಐಸ್ ಕಾರ್ಖಾನೆಗೂ ಹರಾಜುಕಟ್ಟೆಗೂ ನಡುವೆ. ತಗಡಿನ ಮಾಡು, ಮೂರು ಕಡೆ ಗೋಡೆ, ಒಂದು ಕಡೆ ಬಯಲು. ಸೊಂಟದೆತ್ತರದ ಎಂಟು ಸಿಮೆಂಟು ಕಟ್ಟೆಗಳು, ಕಟ್ಟೆಗೊಂದು ನಲ್ಲಿ, ಕೆಳಗೆ ಉದ್ದಕ್ಕೆ ಹರಿಯುವ ಚರಂಡಿ. ಮೂರನೆಯ ಕಟ್ಟೆ ಕತ್ತಿಯಕ್ಕನದು. ಅಲ್ಲಿ ಬೆಳಕು ಎಡಗಡೆಯಿಂದ ಬೀಳುತ್ತದೆ, ಕೊಯ್ಯುವ ಕೈಯ ನೆರಳು ಮೀನಿನ ಮೇಲೆ ಬೀಳುವುದಿಲ್ಲ. ಈ ಜಾಗಕ್ಕಾಗಿ ಅವಳ ಅಮ್ಮ ಇಪ್ಪತ್ತು ವರ್ಷ ಕಾದಿದ್ದಳಂತೆ. ಹನ್ನೆರಡನೆಯ ವಯಸ್ಸಿನಲ್ಲಿ ಅಮ್ಮನ ಪಕ್ಕ ಸ್ಟೂಲಿನ ಮೇಲೆ ನಿಂತು ಕೊಯ್ಯಲು ಕಲಿತವಳಿಗೆ ಈಗ ಐವತ್ತಾರು. ಬೆಳಿಗ್ಗೆ ಕತ್ತಿ ಕೈಗೆತ್ತಿಕೊಳ್ಳುವ ಮುಂಚೆ ಒಂದು ಕ್ಷಣ ಕಣ್ಣು ಮುಚ್ಚುತ್ತಾಳೆ. ಏನು ಕೇಳಿಕೊಳ್ಳುತ್ತೀಯ ಎಂದು ಯಾರಾದರೂ ಕೇಳಿದರೆ, "ಬೆರಳು ಹತ್ತೂ ಇರಲಿ ಅಂತ" ಎನ್ನುತ್ತಾಳೆ. ಹತ್ತೂ ಇವೆ.

ಆ ಬಂದರಿನ ಬದುಕು ನಿಂತಿರುವುದು ಒಂದು ಮೀನಿನ ಮೇಲೆ. ಪುಸ್ತಕದಲ್ಲಿ ಅದಕ್ಕೆ ಬೇರೆ ಉದ್ದನೆಯ ಹೆಸರಿದೆ. ಬಂದರಿನವರು ಕರೆಯುವುದು ಗೊರಕೆ ಮೀನು. ನೀರಿನಿಂದ ಮೇಲೆತ್ತಿದ ಕೂಡಲೇ ಅದು ಹೊಟ್ಟೆಯೊಳಗಿಂದ ಗೊರ್ ಗೊರ್ ಎಂದು ಸದ್ದು ಮಾಡುತ್ತದೆ. ಗಂಡು ಮೀನು ಮಾತ್ರ. "ಗಂಡಸರದು ನೀರಲ್ಲೂ ಅದೇ ಕಥೆ" ಎಂದು ಶೆಡ್ಡಿನಲ್ಲಿ ದಿನಕ್ಕೊಮ್ಮೆಯಾದರೂ ಯಾರಾದರೂ ಹೇಳದೆ ಇರುವುದಿಲ್ಲ. ಹೆಣ್ಣು ಮೀನು ಸದ್ದಿಲ್ಲದೆ ಹೊಟ್ಟೆ ತುಂಬ ಮೊಟ್ಟೆ ಹೊತ್ತು ಬರುತ್ತದೆ. ಬೇಡಿಕೆ ಇರುವುದು ಆ ಮೊಟ್ಟೆಗೇ. ಗಟ್ಟಿಯಾಗಿ, ಹಳದಿಯಾಗಿ, ಚೀಲಸಮೇತ ಇಡಿಯಾಗಿ ಈಚೆಗೆ ಬರಬೇಕು.

ಕತ್ತಿಯಕ್ಕನಿಗೆ ಹೊಟ್ಟೆ ಸೀಳಿ ನೋಡಬೇಕಾಗಿಯೇ ಇರಲಿಲ್ಲ. ಹೆಬ್ಬೆರಳು ಒತ್ತಿದರೆ ಸಾಕು. "ಇದು ಎಳೆಯದು. ಇದು ತುಂಬಿದ್ದು. ಇದು ನೀರ್ಹೊಟ್ಟೆ." ಅಷ್ಟರಲ್ಲಿ ಮೀನು ಆಯಾ ಬುಟ್ಟಿಗೆ ಬಿದ್ದಿರುತ್ತಿತ್ತು.

ನೀರ್ಹೊಟ್ಟೆ ಎಂದರೆ ಯಾರಿಗೂ ಬೇಡದ ಮೀನು. ಒತ್ತಿದರೆ ಬಾಲದ ಹತ್ತಿರದಿಂದ ನೀರಿನಂಥದ್ದು ಸುರಿಯುತ್ತದೆ, ಅದರಲ್ಲಿ ಗಾಜಿನ ಪುಡಿಯಂತೆ ಹೊಳೆಯುವ ಮೊಟ್ಟೆಗಳು. ಅಂಥದ್ದೊಂದು ಕ್ರೇಟಿನಲ್ಲಿದ್ದರೂ ಹರಾಜಿನವನು ಮೂಗು ಮುರಿಯುತ್ತಾನೆ, ಇಡೀ ಕ್ರೇಟಿನ ದರ ಇಳಿಸುತ್ತಾನೆ. ಹಾಗಾಗಿ ದೋಣಿಯವರು ದಡ ಮುಟ್ಟುವ ಮೊದಲೇ ಒಂದೊಂದನ್ನೂ ಒತ್ತಿ ನೋಡಿ, ಸುರಿಯುವಂಥದ್ದನ್ನು ಬೇರೆ ಬುಟ್ಟಿಗೆ ಹಾಕಿ, ಮೇಲೆ ಗೋಣಿ ಮುಚ್ಚಿ, ಹರಾಜುಕಟ್ಟೆಯ ಹಿಂದಿನಿಂದ ಶೆಡ್ಡಿಗೆ ಕಳಿಸುತ್ತಾರೆ. ಅದನ್ನು ಕೊಯ್ದು, ಉಪ್ಪು ಸವರಿ, ಒಣಗಿಸುವ ಹಕ್ಕು ಕೊಯ್ಯುವವರದು. ಅಪ್ಪಂದಿರ ಕಾಲದಿಂದ ನಡೆದುಬಂದ ಕ್ರಮ. ಮೀನು ಕೆಟ್ಟಿದೆ ಎಂದೇ ಎಲ್ಲರ ನಂಬಿಕೆ. ಕೆಟ್ಟ ನೀರಿನ ಜಾಗದಲ್ಲಿ ಮೇಯ್ದರೆ ಹೊಟ್ಟೆಗೆ ನೀರು ಸೇರುತ್ತದಂತೆ.

ಕತ್ತಿಯಕ್ಕ ಹಾಗೆ ನಂಬಿರಲಿಲ್ಲ. ಆದರೆ ಅವಳನ್ನು ಯಾರೂ ಕೇಳಿರಲಿಲ್ಲ.

ನೀರ್ಹೊಟ್ಟೆಗಳ ವಿಷಯದಲ್ಲಿ ಅವಳಿಗೆ ಒಂದು ಹಳೆಯ ಗೀಳಿತ್ತು. ಗೊರಕೆ ಮೀನಿನ ತಲೆಯೊಳಗೆ ಎರಡು ಬಿಳಿ ಕಲ್ಲುಗಳಿರುತ್ತವೆ, ನುಣುಪಾಗಿ, ಚಿಪ್ಪಿನ ಚೂರಿನ ಹಾಗೆ; ಮೀನು ದೊಡ್ಡದಾದಷ್ಟೂ ಕಲ್ಲೂ ದೊಡ್ಡದು. ಹನ್ನೆರಡನೆಯ ವಯಸ್ಸಿನಲ್ಲಿ, ಆ ವರ್ಷ ಬಂದ ನೀರ್ಹೊಟ್ಟೆಗಳಲ್ಲೆಲ್ಲ ದೊಡ್ಡದಾದದ್ದರ ತಲೆಯಿಂದ ಒಂದು ಕಲ್ಲು ತೆಗೆದು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಳು. ಮರುವರ್ಷ ಇನ್ನೊಂದು. ಮದುವೆಯಾದ ಹೊಸದರಲ್ಲಿ ಬಲೆ ಹೆಣೆಯುವ ಗಂಡ ಪೊಟ್ಟಣ ತೆರೆದು ನೋಡಿ, "ನಾನೇನೋ ಚಿನ್ನ ಇದೆ ಅಂದ್ಕೊಂಡೆ" ಎಂದು ನಿಟ್ಟುಸಿರು ಬಿಟ್ಟ. ಆಮೇಲೆ ಕೂತು, ಸಣ್ಣ ಕಣ್ಣಿನ ಬಲೆಯ ಒಂದು ಪಟ್ಟಿ ಹೆಣೆದು, ಅವಳು ಹೇಳಿದ ಕ್ರಮದಲ್ಲೇ ಒಂದೊಂದು ಕಲ್ಲಿಗೆ ಒಂದೊಂದು ಗೂಡು ಮಾಡಿ ಗಂಟು ಹಾಕಿಕೊಟ್ಟ. ಅಂದಿನಿಂದ ಪ್ರತಿ ವರ್ಷ ಒಂದು ಗೂಡು ಹೆಚ್ಚಾಗುತ್ತ ಬಂತು. ಈಗ ಆ ಪಟ್ಟಿ ಅಡುಗೆಮನೆಯ ಗೋಡೆಯ ಮೇಲೆ ಈ ಮೂಲೆಯಿಂದ ಆ ಮೂಲೆಗೆ ತೂಗುತ್ತದೆ. ನಲವತ್ನಾಲ್ಕು ಕಲ್ಲು.

ಮೂರು ವರ್ಷದ ಹಿಂದೆ ಮೀನುಗಾರಿಕೆ ಇಲಾಖೆಯಿಂದ ಒಬ್ಬ ಹುಡುಗಿ ಬಂದಳು. ಕೈಯಲ್ಲಿ ಅಳತೆಪಟ್ಟಿ ಕೊರೆದ ಹಲಗೆ, ಚೀಲದಲ್ಲಿ ತಕ್ಕಡಿ, ಗಾಜಿನ ಸೀಸೆಗಳು. ಬೆಳಿಗ್ಗೆ ಹರಾಜು ಶುರುವಾಗುವ ಮುಂಚೆ ಕ್ರೇಟುಗಳಿಂದ ಮೀನು ಆರಿಸಿ, ಉದ್ದ ಅಳೆದು, ತೂಗಿ, ಹೊಟ್ಟೆ ಸೀಳಿ, ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಎರಡೇ ದಿನದಲ್ಲಿ ಅವಳಿಗೆ ಅಳತೆ ಮೇಡಂ ಎಂದು ಹೆಸರಾಯಿತು. ಕೈ ತೊಳೆಯಲು ಶೆಡ್ಡಿನ ನಲ್ಲಿಗೆ ಬರುತ್ತಿದ್ದವಳು ಕತ್ತಿಯಕ್ಕನ ಕಟ್ಟೆಯ ಹತ್ತಿರ ಹತ್ತು ನಿಮಿಷ ನಿಲ್ಲುವುದು ರೂಢಿಯಾಯಿತು. ಅವಳಿಗೆ ಕತ್ತಿ ಹಿಡಿಯುವ ರೀತಿ ತಿದ್ದಿದವಳೂ ಕತ್ತಿಯಕ್ಕನೇ. "ಪೆನ್ಸಿಲ್ ಹಿಡಿದ ಹಾಗೆ ಹಿಡೀಬೇಡಮ್ಮ. ಅದೇನು ಸಹಿ ಹಾಕ್ತದಾ?"

ಈ ವರ್ಷ ಮೊಟ್ಟೆಯ ಕಾಲ ಶುರುವಾಗುವ ಹೊತ್ತಿಗೆ ಹರಾಜುಕಟ್ಟೆಯ ಕಂಬಕ್ಕೆ ಇಲಾಖೆಯ ಒಂದು ನೋಟೀಸು ಬಿತ್ತು. ಗೊರಕೆ ಮೀನು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಅದು ಮೊಟ್ಟೆಯಿಡುವ ಜಾಗವನ್ನು ಏಳು ವಾರ ಮುಚ್ಚಬೇಕು. ಆ ಜಾಗ ಕಲ್ಲುಸಾಲು ಎಂದು ಅಂದಾಜಿಸಲಾಗಿದೆ. ಮುಂದಿನ ತಿಂಗಳ ಮೊದಲ ವಾರ ಸಭೆ. ಕಲ್ಲುಸಾಲು ಎಂದರೆ ದಡಕ್ಕೆ ಹತ್ತಿರದ, ನೀರಡಿಯ ಬಂಡೆಗಳ ಸಾಲು. ಬಂದರಿನ ನಲವತ್ತು ಸಣ್ಣ ದೋಣಿಗಳು ಬಲೆ ಹಾಕುವುದೇ ಅಲ್ಲಿ. ನೋಟೀಸು ಓದಿದವರು ಅಳತೆ ಮೇಡಂ ಕಂಡರೆ ಮುಖ ತಿರುಗಿಸಲು ಶುರುಮಾಡಿದರು. ಮೂರು ವರ್ಷ ನಗುನಗುತ್ತ ಮೀನು ಕೊಟ್ಟ ದೋಣಿಯವನೊಬ್ಬ, "ಅಳೆದು ಅಳೆದು ನಮ್ಮನ್ನ ಹೂಳೋ ಗುಂಡಿಯನ್ನೇ ಅಳೆದುಬಿಟ್ರಿ ಮೇಡಂ" ಎಂದುಬಿಟ್ಟ.

ಅವತ್ತು ಅವಳು ನಲ್ಲಿಯ ಹತ್ತಿರ ಬಂದು ಕೈ ತೊಳೆದೇ ತೊಳೆದಳು. ಕತ್ತಿಯಕ್ಕ ನಲ್ಲಿ ತಿರುಗಿಸಿ ನಿಲ್ಲಿಸಿದಳು.

"ಚರ್ಮ ಕಿತ್ತು ಬಂದೀತು. ಏನಾಯ್ತು ಹೇಳು."

"ಅವರು ಬೈಯೋದು ಸರಿಯೇ ಅಕ್ಕ. ನನಗೇ ನಂಬಿಕೆ ಇಲ್ಲ. ಮೂರು ವರ್ಷದಲ್ಲಿ ನಾಲ್ಕು ಸಾವಿರ ಹೊಟ್ಟೆ ನೋಡಿದ್ದೀನಿ. ತುಂಬಿದ ಮೊಟ್ಟೆ ಬೇಕಾದಷ್ಟು. ಆದರೆ ಇವತ್ತೇ ಮೊಟ್ಟೆ ಬಿಡ್ತದೆ ಅನ್ನೋಂಥ ಮೀನು ಒಂದು, ಒಂದೇ ಒಂದು, ಸಿಕ್ಕಿಲ್ಲ. ಅದು ಸಿಕ್ಕಿದ್ರೆ ಅದನ್ನ ಹಿಡಿದ ಜಾಗದ ಆಸುಪಾಸೇ ಮೊಟ್ಟೆಯಿಡೋ ಜಾಗ ಅಂತ ಕಣ್ಣು ಮುಚ್ಚಿ ಹೇಳಬಹುದು. ಸಿಗದೆ ಇದ್ದಿದ್ದಕ್ಕೆ, ತುಂಬಿದ ಮೀನು ಜಾಸ್ತಿ ಎಲ್ಲಿ ಬೀಳ್ತದೋ ಅಲ್ಲೇ ಇರಬೇಕು ಅಂತ ಸಾಹೇಬರು ಗೀಟು ಎಳೆದರು."

"ಅಂಥ ಮೀನು ಹೇಗಿರ್ತದೆ?"

"ಮೊಟ್ಟೆ ನೀರು ಕುಡಿದು ಊದಿರ್ತದೆ. ಹಳದಿ ಹೋಗಿ ಗಾಜಿನ ಥರ ಆಗಿರ್ತದೆ. ಒತ್ತಿದರೆ..."

ಮಾತು ಮುಗಿಯುವ ಮೊದಲೇ ಕತ್ತಿಯಕ್ಕ ಬಗ್ಗಿ, ಕಟ್ಟೆಯ ಕೆಳಗಿನಿಂದ ಗೋಣಿ ಮುಚ್ಚಿದ ಬುಟ್ಟಿ ಎಳೆದು, ಒಂದು ಮೀನೆತ್ತಿ, ಮೇಡಂ ಅಂಗೈಯ ಮೇಲೆ ಹೊಟ್ಟೆ ಒತ್ತಿದಳು. ಸುರಿಯಿತು.

ಹುಡುಗಿ ಅಂಗೈಯನ್ನು ಬೆಳಕಿಗೆ ಹಿಡಿದು ನೋಡುತ್ತ ನಿಂತುಬಿಟ್ಟಳು. ಬೆರಳ ಸಂದಿಯಿಂದ ನೀರು ಸೋರಿ ಮಣಿಗಳು ಮಾತ್ರ ಉಳಿದವು.

"ಇದು... ಇದೆಲ್ಲಿತ್ತು ಅಕ್ಕ?"

"ಎಲ್ಲಿತ್ತು ಅಂದ್ರೆ? ನೀನು ದಿನಾ ಕಾಲು ತಾಗಿಸ್ಕೊಂಡು ನಿಲ್ತೀಯಲ್ಲ, ಈ ಬುಟ್ಟೀಲಿ. ಕ್ರೇಟಿಗೆ ಇದನ್ನ ಯಾರು ಹಾಕ್ತಾರೆ? ದರ ಬಿದ್ದು ಹೋಗಲ್ವಾ? ದೋಣೀಲೇ ಆರಿಸಿ ಇಲ್ಲಿಗೆ ಕಳಿಸ್ತಾರೆ."

"ಮೂರು ವರ್ಷ! ಮೂರು ವರ್ಷ ನೀವು ನನಗೆ ಒಂದು ಮಾತು ಹೇಳಲಿಲ್ಲ!"

"ನೀನು ಕೇಳಿದ್ದು ಉದ್ದ ಎಷ್ಟು, ತೂಕ ಎಷ್ಟು ಅಂತ. ಹೆರಿಗೆ ಯಾವಾಗ ಅಂತ ಕೇಳಿದ್ರೆ ಹೇಳ್ತಿದ್ದೆ."

ಪಕ್ಕದ ಕಟ್ಟೆಯವಳು ಕಿಸಕ್ಕನೆ ನಕ್ಕಳು. ಮೇಡಂಗೂ ನಗು ಬಂತು, ಅದರ ಜೊತೆಗೇ ಕಣ್ಣಲ್ಲಿ ನೀರೂ ಬಂತು. ಸೀಸೆ ಹುಡುಕಿ ತೆಗೆದು ಅಂಗೈಯಲ್ಲಿದ್ದದ್ದನ್ನು ಅದಕ್ಕೆ ಇಳಿಸಿಕೊಂಡು ಕೇಳಿದಳು: "ಈ ಬುಟ್ಟಿ ಯಾವ ದೋಣಿಯದು ಅಕ್ಕ?"

ಕತ್ತಿಯಕ್ಕ ಕತ್ತಿಗೆ ನೀರು ಹಾಕಿ ಒರೆಸಿದಳು. ಒರೆಸಿದ ಕತ್ತಿಯನ್ನೇ ಮತ್ತೆ ಒರೆಸಿದಳು.

"ಅದನ್ನ ಹೇಳೋ ಹಕ್ಕು ನನ್ನದಲ್ಲ. ಎರಡು ದಿನ ಕೊಡು. ಅಲ್ಲೀವರೆಗೆ ಬಾಯಿ ಬಿಡಬೇಡ, ನಿಮ್ಮ ಸಾಹೇಬರ ಹತ್ತಿರವೂ."

ಬುಟ್ಟಿ ಅವಳ ಸ್ವಂತ ತಮ್ಮನದು.

ನೀರ್ಹೊಟ್ಟೆ ಬೇರೆ ದೋಣಿಗಳಿಗೂ ಒಂದೊಂದು ಬೀಳುವುದುಂಟು. ಬುಟ್ಟಿಗಟ್ಟಲೆ ಬರುವುದು ತಮ್ಮನ ದೋಣಿಯಿಂದ ಮಾತ್ರ, ಅವನಿಗಿಂತ ಮುಂಚೆ ಅಪ್ಪನ ದೋಣಿಯಿಂದ. ಕಲ್ಲುಸಾಲಿನ ಆಚೆ, ಕೆಸರು ನೆಲದಲ್ಲಿ ಒಂದು ಆಳದ ಗುಂಡಿಯಿದೆ. ಕೆಸರಿಗೆ ಬಲೆ ಸಿಕ್ಕಿಕೊಳ್ಳುತ್ತದೆಂದು ಉಳಿದವರು ಆ ಕಡೆ ಸುಳಿಯುವುದಿಲ್ಲ. ಎಲ್ಲಿ ಬಿಡಬೇಕು, ಯಾವಾಗ ಎಳೆಯಬೇಕು ಎಂಬುದನ್ನು ಅಪ್ಪ ಕಂಡುಕೊಂಡಿದ್ದ. ಸಾಯುವ ಮುಂಚೆ ಮಗನೊಬ್ಬನಿಗೇ ಹೇಳಿದ್ದ. ಮಧ್ಯಾಹ್ನ ಮೇಲೆ ಅಲ್ಲಿ ಬಲೆ ಬಿಟ್ಟರೆ ಬರಿಗೈಲಿ ಬರುವ ಮಾತೇ ಇಲ್ಲ. ನೀರ್ಹೊಟ್ಟೆ ಅರ್ಧ ಬಂದರೂ ಒಳ್ಳೆಯದು ಅರ್ಧ ಸಿಗುತ್ತಿತ್ತು. ಮನೆಯಲ್ಲಿ ಅದನ್ನು ಅಪ್ಪನ ಗುಂಡಿ ಎನ್ನುತ್ತಿದ್ದರು, ಅದೂ ಬಾಗಿಲು ಹಾಕಿಕೊಂಡು.

ಮಾರನೆಯ ದಿನ ಬಂದರಿಗೆ ವಾರದ ರಜೆ. ಕತ್ತಿಯಕ್ಕ ಅಡುಗೆಮನೆಯ ಗೋಡೆಯಿಂದ ಕಲ್ಲಿನ ಪಟ್ಟಿ ಬಿಚ್ಚಿ, ಸುತ್ತಿ, ಕೈಚೀಲಕ್ಕೆ ಹಾಕಿಕೊಂಡಳು. ಗಂಡ ನೋಡಿದ. ಎಲ್ಲಿಗೆ ಎಂದು ಕೇಳಲಿಲ್ಲ.

"ಅವನು ಕೂಗಾಡ್ತಾನೆ" ಎಂದ.

"ಕೂಗಾಡ್ಲಿ. ಚಿಕ್ಕೋನಿದ್ದಾಗ ಹಲ್ಲು ಬರುವಾಗಲೂ ಹೀಗೇ ಕೂಗಾಡಿದ್ದ. ನಾನೇ ಎತ್ತಿಕೊಂಡು ತಿರುಗಿದ್ದು."

ತಮ್ಮ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಎಂಜಿನ್ನಿನ ಒಂದು ಭಾಗವನ್ನು ಸೀಮೆಎಣ್ಣೆಯಲ್ಲಿ ಉಜ್ಜುತ್ತಿದ್ದ. ಅವನ ಹೆಂಡತಿ ಬಾಗಿಲಿಗೆ ಬಂದು, "ಬನ್ನಿ ಅತ್ತಿಗೆ, ಒಳಗೆ ಬನ್ನಿ" ಎಂದಳು. "ಇಲ್ಲೇ ಇರ್ತೀನಮ್ಮ, ಇವನ ಹತ್ತಿರ ಸ್ವಲ್ಪ ಮಾತಿದೆ" ಎಂದು ಕತ್ತಿಯಕ್ಕ ಮೆಟ್ಟಿಲ ಮೇಲೆ ಕೂತಳು. ಅತ್ತಿಗೆ ಹಾಗೆ ಕೂತರೆ ಮಾತು ಸಣ್ಣದಲ್ಲ ಎಂದು ಗೊತ್ತಿದ್ದ ಅವಳು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು.

ಕತ್ತಿಯಕ್ಕ ಸುತ್ತಿಬಳಸದೆ ಎಲ್ಲ ಹೇಳಿದಳು. ತಮ್ಮ ಉಜ್ಜುವುದು ನಿಲ್ಲಿಸಲಿಲ್ಲ.

"ಹೊಟ್ಟೆ ಕೆಟ್ಟ ಮೀನಿನ ವಿಷಯಕ್ಕೆ ಬಿಸಿಲಲ್ಲಿ ಇಷ್ಟು ದೂರ ಬಂದ್ಯಾ?"

"ಕೆಟ್ಟಿದ್ದಲ್ಲ ಕಣೋ. ಹೆರೋಕೆ ಹೊರಟಿದ್ದು. ನಾಲ್ಕು ಸಾವಿರ ಮೀನು ಕೊಯ್ದೋಳು ಅವಳು. ನಾನೆಷ್ಟು ಕೊಯ್ದಿದ್ದೀನೋ ಆ ದೇವರಿಗೇ ಗೊತ್ತು. ಇಬ್ಬರೂ ಅದನ್ನೇ ಹೇಳ್ತಿದ್ದೀವಿ."

"ಸರಿ. ಹೆರ್ಲಿ. ಅದಕ್ಕೆ ನಾನೇನು ಮಾಡ್ಬೇಕು, ತೊಟ್ಟಿಲು ಕಟ್ಬೇಕಾ?"

"ಜಾಗ ತೋರಿಸ್ಬೇಕು."

ಈಗ ಅವನ ಕೈ ನಿಂತಿತು.

"ಅಕ್ಕ, ಇದನ್ನ ಬೇರೆ ಯಾರಾದ್ರೂ ಹೇಳಿದ್ರೆ ಈ ಕಬ್ಬಿಣ ತಲೆ ಮೇಲೆ ಹಾಕ್ತಿದ್ದೆ. ಕಲ್ಲುಸಾಲು ಮುಚ್ಚಿದ್ರೆ ನನಗೇನು? ನಾನು ಆ ಕಡೆ ಹೋಗೋದೇ ಇಲ್ಲ. ಜಾಗ ತೋರಿಸಿದ್ರೆ ಮುಚ್ಚೋದು ನನ್ನ ಗುಂಡಿ. ನನ್ನ ಕೈಯಾರೆ ನನ್ನ ಒಲೆಗೆ ನಾನೇ ನೀರು ಹಾಕ್ಕೊಳ್ಳೋದಾ?"

"ಕಲ್ಲುಸಾಲು ಮುಚ್ಚಿದ್ರೆ ನಲವತ್ತು ಮನೆ ಒಲೆಗೆ ನೀರು ಬೀಳ್ತದೆ."

"ಆ ನಲವತ್ತು ಜನ ಅಪ್ಪನ ಗುಂಡೀಲಿ ಹುಟ್ಟಿದವರಾ?"

"ಅವರಲ್ಲ. ಅವರ ಬಲೆಗೆ ಬೀಳೋ ಮೀನು ಹುಟ್ಟಿದ್ದು ಅಲ್ಲೇ. ನಿನ್ನ ಬಲೆಗೆ ಬೀಳೋದು ಹುಟ್ಟಿದ್ದೂ ಅಲ್ಲೇ."

ತಮ್ಮ ಬಟ್ಟೆಯ ಚಿಂದಿಯನ್ನು ನೆಲಕ್ಕೆ ಬಡಿದ. "ಅಪ್ಪ ಕೊಟ್ಟಿದ್ದು ಅದು! ನಂಗೆ ಅಂತ ಕೊಟ್ಟಿದ್ದು ಅದೊಂದೇ!" ಒಳಗೆ ಚಹಾ ಸೋಸುವ ಸದ್ದು ನಿಂತುಹೋಯಿತು.

ಕತ್ತಿಯಕ್ಕ ಚೀಲದಿಂದ ಪಟ್ಟಿ ತೆಗೆದು ಅಂಗಳದ ಉದ್ದಕ್ಕೆ ಹಾಸಿದಳು. ಅದು ಮೆಟ್ಟಿಲಿನಿಂದ ಹಿಡಿದು ಅವನು ಕೂತಲ್ಲಿವರೆಗೂ ಮುಟ್ಟಿತು. ತಮ್ಮ ಅದನ್ನು ಅಕ್ಕನ ಅಡುಗೆಮನೆಯಲ್ಲಿ ನೂರು ಸಲ ಕಂಡಿದ್ದ, ಗೋಡೆಯನ್ನು ಕಂಡಹಾಗೆ. ನೆಲದ ಮೇಲೆ ಹಾಸಿ ಕಂಡದ್ದು ಇದೇ ಮೊದಲು. ಮೆಟ್ಟಿಲ ಕಡೆಯ ಹಳೆಯ ಕಲ್ಲುಗಳು ಹೆಬ್ಬೆರಳ ಉಗುರಿನಷ್ಟು ಅಗಲ. ನಡುವಿನವು ಅಂಗಿಯ ಬಟನ್ನಿನಷ್ಟು. ಅವನ ಕಾಲ ಬಳಿಯ ಈಚಿನವು ಕಿರುಬೆರಳ ಉಗುರಿನ ಅರ್ಧವೂ ಇರಲಿಲ್ಲ. ಗಂಡ ಗೂಡುಗಳನ್ನೂ ಕಲ್ಲಿಗೆ ತಕ್ಕಂತೆ ಕಿರಿದು ಮಾಡುತ್ತ ಬಂದಿದ್ದರಿಂದ ಇಡೀ ಪಟ್ಟಿಯೇ ಇಲಿಯ ಬಾಲದ ಹಾಗೆ ಸಣ್ಣಗಾಗುತ್ತ ಹೋಗಿತ್ತು.

"ಪ್ರತಿಯೊಂದೂ ಆಯಾ ವರ್ಷದ ಎಲ್ಲಕ್ಕಿಂತ ದೊಡ್ಡ ನೀರ್ಹೊಟ್ಟೆದು" ಎಂದಳು. "ಎಲ್ಲಾ ಅಪ್ಪನ ಗುಂಡೀದೇ. ಬೇರೆ ದೋಣಿದು ಒಂದೂ ಇಲ್ಲ."

ತಮ್ಮ ಕುಕ್ಕರಗಾಲಲ್ಲೇ ಸರಿದು ಸರಿದು ಪಟ್ಟಿಯ ಉದ್ದಕ್ಕೆ ಹೋದ. ನಡುವೆ ಒಂದು ಗೂಡಿನ ಮೇಲೆ ಬೆರಳಿಟ್ಟ.

"ಇದು ಯಾವತ್ತಿಂದು?"

"ಅಪ್ಪ ಕೊನೇ ಸಲ ದೋಣಿ ಹತ್ತಿದ ವರ್ಷದ್ದು. ಆ ವರ್ಷ ದಿನಕ್ಕೆ ಏಳು ಬುಟ್ಟಿ ಬರ್ತಿತ್ತು. ಈಗ ನೀನು ಕಳಿಸೋದು ಎರಡು. ಒಂದೊಂದು ದಿನ ಒಂದೂವರೆ. ಅಪ್ಪ ನಿನಗೆ ಕೊಟ್ಟ ಗುಂಡೀನ ನಿನ್ನ ಮಕ್ಕಳಿಗೆ ಏನು ಅಂತ ಕೊಡ್ತೀಯ? ಬರೀ ಕೆಸರಾ?"

ಚಹಾ ಬಂತು. ಮೂವರೂ ಕುಡಿದರು. ಹೊರಡುವಾಗ ಕತ್ತಿಯಕ್ಕ ಪಟ್ಟಿ ಸುತ್ತಿಕೊಳ್ಳಲಿಲ್ಲ, ಅಲ್ಲೇ ಬಿಟ್ಟು ಬಂದಳು.

ಎರಡು ದಿನ ಅವನ ಕಡೆಯಿಂದ ಸುದ್ದಿಯಿಲ್ಲ. ಬುಟ್ಟಿಯೂ ಬರಲಿಲ್ಲ. ಅಳತೆ ಮೇಡಂ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಬಂದು ಮುಖ ನೋಡಿ ಹೋಗುತ್ತಿದ್ದಳು. "ಬರ್ತಾನೆ" ಎನ್ನುತ್ತಿದ್ದಳು ಕತ್ತಿಯಕ್ಕ, ಬಸ್ಸು ಬರುತ್ತದೆ ಎನ್ನುವಷ್ಟು ನಿರಾಳವಾಗಿ. ತಮ್ಮ ಬೇಡ ಎನ್ನಬೇಕಾಗಿದ್ದರೆ ಅಂಗಳದಲ್ಲೇ ಎನ್ನುತ್ತಿದ್ದ. ಅವನು ಕಲ್ಲು ಮುಟ್ಟಿ ನೋಡಿದ್ದನ್ನು ಅವಳು ಕಂಡಿದ್ದಳು.

ಮೂರನೆಯ ದಿನ ಮಧ್ಯಾಹ್ನ ಅವನು ಶೆಡ್ಡಿನ ಮುಂದೆ ಬಂದು ನಿಂತ. ಸುತ್ತಿದ ಪಟ್ಟಿ ಕಂಕುಳಲ್ಲಿತ್ತು.

"ಆಫೀಸಿನ ದೋಣಿ ಬೇಡ. ನನ್ನ ದೋಣೀಲೇ. ಜಾಗ ಗುರುತು ಹಾಕೋ ಆ ಪೆಟ್ಟಿಗೆ, ಫೋನು, ಎಲ್ಲಾ ಆಫ್. ಅಲ್ಲಿ ನಿಮ್ಮ ಮೊಟ್ಟೆ ಸಿಗ್ಲಿಲ್ಲ ಅಂದ್ರೆ ಗುಂಡಿ ವಿಷಯ ಯಾರೂ ಎತ್ತಬಾರದು. ಮತ್ತೆ ನೀನೂ ಬರ್ಬೇಕು."

"ನಾನಾ? ನಾನ್ಯಾವತ್ತು ದೋಣಿ ಹತ್ತಿದ್ದೀನಿ?"

"ನಲವತ್ನಾಲ್ಕು ವರ್ಷ ಸಮುದ್ರದ ಹೊಟ್ಟೆ ಕೊಯ್ದಿದ್ದೀಯ. ಒಂದಿನ ಮುಖ ನೋಡು."

ಮೂರು ಗಂಟೆಗೆ ಹೊರಟರು. ಕತ್ತಿಯಕ್ಕ ದೋಣಿಯ ನಡುವಿನ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ದಡದಲ್ಲಿ ಎಂಟು ಕಟ್ಟೆಗೆ ಒಡತಿಯಂತಿದ್ದವಳು ಇಲ್ಲಿ ಕಾಲು ಎಲ್ಲಿಡಬೇಕು ಎಂದು ಮೇಡಮ್ಮನ್ನು ಕೇಳಬೇಕಾಯಿತು. "ಕತ್ತಿ ಹಿಡಿದ ಹಾಗೆ ಹಿಡೀಬೇಡಿ ಅಕ್ಕ, ಸಡಿಲ ಬಿಡಿ" ಎಂದು ಮೇಡಂ ಹಳೆಯ ಸಾಲ ತೀರಿಸಿದಳು.

ಕಲ್ಲುಸಾಲು ದಾಟಿತು. ತಮ್ಮ ಹಿಂದೆ ತಿರುಗಿ ದಡ ನೋಡುತ್ತ ದೋಣಿ ನಡೆಸಿದ. ಊರಿನ ನೀರಿನ ಟ್ಯಾಂಕು ಮೆಲ್ಲಗೆ ಸರಿದು ಗುಡ್ಡದ ಬೆನ್ನಿನ ತಗ್ಗಿಗೆ ಸರಿಯಾಗಿ ಬಂದು ಕೂತಾಗ ಎಂಜಿನ್ ನಿಲ್ಲಿಸಿದ. "ಇಲ್ಲಿ" ಎಂದ. ಸುತ್ತ ನೀರೇ ನೀರು. ಬೇರೆ ಕಡೆಯ ನೀರಿಗೂ ಇದಕ್ಕೂ ಕತ್ತಿಯಕ್ಕನ ಕಣ್ಣಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಹೇಳಿದ್ದು ಸರಿಯಿದ್ದರೆ ತೋರಿಸಪ್ಪ, ತಪ್ಪಿದ್ದರೆ ನನ್ನ ಬಾಯಿ ಮುಚ್ಚಿಸು ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ತಮ್ಮ ಸಣ್ಣ ಬಲೆ ಬಿಟ್ಟು ಎಳೆದ. ಐದು ಮೀನು ಬಂದವು. ಮೂರು ಗೊರ್ ಎಂದವು, ಎರಡು ಸುಮ್ಮನಿದ್ದವು. ಸುಮ್ಮನಿದ್ದ ಎರಡಕ್ಕೂ ಕತ್ತಿಯಕ್ಕ ಹೆಬ್ಬೆರಳಿಟ್ಟಳು. "ನೀರ್ಹೊಟ್ಟೆ. ಇದೂ ನೀರ್ಹೊಟ್ಟೆ." ಸ್ಟೀಲಿನ ಬಟ್ಟಲಿಗೆ ಒತ್ತಿದಳು. ಆ ಬಟ್ಟಲನ್ನು ಪಕ್ಕಕ್ಕಿಟ್ಟುಕೊಂಡು ಕಾದರು. ಮೀನು ಮೊಟ್ಟೆ ಬಿಡುವುದು ಸಂಜೆಗೆ, ಹೊತ್ತು ಇಳಿಯುವವರೆಗೂ ಕಾಯಬೇಕು ಎಂದು ಮೇಡಂ ಹೇಳಿದಳು.

ಸೂರ್ಯ ನೀರು ಮುಟ್ಟುವ ಹೊತ್ತಿಗೆ ತಮ್ಮ ದೋಣಿಯ ತಳದ ಹಲಗೆಗೆ ಕಿವಿಯಿಟ್ಟು, ಕೈಸನ್ನೆ ಮಾಡಿ ಅಕ್ಕನನ್ನು ಕರೆದ. "ಅಪ್ಪ ಹೀಗೇ ಕೇಳ್ತಿದ್ದ." ಅವಳು ಮಂಡಿಯೂರಿ ಹಲಗೆಗೆ ಕಿವಿ ಹಚ್ಚಿದಳು. ಮೊದಲು ನೀರು ತಟ್ಟುವುದಷ್ಟೇ ಕೇಳಿತು. ಆಮೇಲೆ ಅದರ ಅಡಿಯಿಂದ ಒಂದು, ಎರಡು, ಮತ್ತೆ ಎಣಿಸಲಾಗದಷ್ಟು. ಇಡೀ ನೆಲವೇ ಗೊರಕೆ ಹೊಡೆಯುತ್ತಿತ್ತು. ಒಂದರ ಸದ್ದು ಮುಗಿಯುವ ಮೊದಲು ಇನ್ನೊಂದರದು ಶುರುವಾಗಿ, ಹಲಗೆ ಕೆನ್ನೆಗೆ ನಡುಗುತ್ತಿತ್ತು. ಕತ್ತಿಯಕ್ಕ ಬಹಳ ಹೊತ್ತು ತಲೆಯೆತ್ತಲಿಲ್ಲ. ಎತ್ತಿದಾಗ, "ಮನೇಲಿ ಒಂದನ್ನೇ ಸಹಿಸ್ಕೊಂಡಿದ್ದೆ" ಎಂದಳು.

ಮೇಡಂ ಕಾಲುಚೀಲದಂಥ ನಯವಾದ ಬಟ್ಟೆಯ ಬಲೆಯನ್ನು ನೀರಿಗೆ ಬಿಟ್ಟು, ಹತ್ತು ನಿಮಿಷ ಮೆಲ್ಲಗೆ ಎಳೆಸಿದಳು. ಬಲೆಯ ತುದಿಯ ಸೀಸೆಯಲ್ಲಿ ಬಂದದ್ದನ್ನು ಇನ್ನೊಂದು ಬಟ್ಟಲಿಗೆ ಸುರಿದು, ಎರಡೂ ಬಟ್ಟಲನ್ನು ಅಕ್ಕಪಕ್ಕ ಇಟ್ಟಳು. ಒಂದರಲ್ಲಿ ಮೀನಿನಿಂದ ಒತ್ತಿದ್ದು, ಇನ್ನೊಂದರಲ್ಲಿ ಸಮುದ್ರದಿಂದ ಬಂದದ್ದು. ಎರಡರಲ್ಲೂ ರವೆಯ ಕಾಳಿನಷ್ಟು ಗಾಜಿನ ಮಣಿಗಳು; ಭೂತಗನ್ನಡಿ ಹಿಡಿದರೆ ಪ್ರತಿಯೊಂದರ ಒಳಗೂ ಒಂದೇ ಒಂದು ಎಣ್ಣೆಯ ಹನಿ. ಮೇಡಂ ಭೂತಗನ್ನಡಿಯನ್ನು ತಮ್ಮನಿಗೆ ಕೊಟ್ಟಳು.

ಅವನು ಆ ಬಟ್ಟಲು ನೋಡಿದ, ಈ ಬಟ್ಟಲು ನೋಡಿದ. ಮತ್ತೊಮ್ಮೆ ನೋಡಿದ.

"ಇಷ್ಟು ವರ್ಷ ನಾನು ಇದನ್ನ ಕೆಟ್ಟಿದ್ದು ಅಂತ ಗೋಣಿ ಮುಚ್ಚಿದ್ನಲ್ಲ" ಎಂದ.

ದೋಣಿ ನಿಧಾನವಾಗಿ ಸುತ್ತು ತಿರುಗಿತು. ಟ್ಯಾಂಕು ಗುಡ್ಡದ ತಗ್ಗಿನಿಂದ ಆಚೆ ಸರಿಯತೊಡಗಿದಾಗ ತಮ್ಮ ಹುಟ್ಟು ಹಾಕಿ ದೋಣಿಯನ್ನು ಮತ್ತೆ ಸರಿಯಾದ ಜಾಗಕ್ಕೆ ತಂದು ನಿಲ್ಲಿಸಿದ.

"ಹಾಕಿ ಮೇಡಂ" ಎಂದ.

"ಏನು ಹಾಕಲಿ?"

"ನಿಮ್ಮ ಆ ಪೆಟ್ಟಿಗೆ. ಗುರುತು ಹಾಕ್ಕೊಳ್ಳಿ. ಬೇಗ, ನೀರಿನ ಸೆಳೆತ ಇದೆ."

ಸಭೆ ಹರಾಜುಕಟ್ಟೆಯಲ್ಲೇ ನಡೆಯಿತು. ಇಲಾಖೆಯ ಸಾಹೇಬರು ಮೇಜಿನ ಮೇಲೆ ನಕ್ಷೆ ಹರಡಿದಾಗ ಕಲ್ಲುಸಾಲಿನ ಮೇಲಿನ ಕೆಂಪು ಗೀಟು ಅಳಿಸಿತ್ತು, ಅದರಾಚೆ ಹೊಸದೊಂದು ಸುತ್ತು ಇತ್ತು. ದೋಣಿಯಲ್ಲಿ ಹೋಗಿಬಂದ ಮೇಲಿನ ಹತ್ತು ದಿನಗಳಲ್ಲಿ ಮೇಡಂ ನಾಲ್ಕು ಸಲ ಗುಂಡಿಗೂ ನಾಲ್ಕು ಸಲ ಕಲ್ಲುಸಾಲಿಗೂ ಹೋಗಿ ಬಲೆ ಎಳೆದಿದ್ದಳು. ಕಲ್ಲುಸಾಲಿನ ಸೀಸೆಗಳಲ್ಲಿ ಒಂದು ಮಣಿಯೂ ಇರಲಿಲ್ಲ. ಮೀನು ಕಲ್ಲುಸಾಲಿನಲ್ಲಿ ಮೇಯ್ದು, ತುಂಬಿಕೊಂಡು, ಹೆರಲು ಗುಂಡಿಗೆ ಹೋಗುತ್ತದೆ ಎಂದು ಅವಳು ವಿವರಿಸಿದಳು. ನಲವತ್ತು ದೋಣಿಯವರೂ ಉಸಿರು ಬಿಟ್ಟರು. ಆ ಹೊಸ ಸುತ್ತು ಯಾರ ಜಾಗ ಎಂಬ ಪಿಸುಮಾತು ಎದ್ದಾಗ ತಮ್ಮ ಎದ್ದು ನಿಂತು, "ನಂದು. ಅಪ್ಪಂದು. ನಾನೇ ತೋರಿಸಿದ್ದು. ಬೇರೆ ಯಾರಾದ್ರೂ ಆ ಏಳು ವಾರ ಆ ಕಡೆ ಬಲೆ ಬಿಟ್ಟಿದ್ದು ಕಂಡ್ರೆ ಇಲಾಖೆ ಕೇಳೋ ಮುಂಚೆ ನಾನು ಕೇಳ್ತೀನಿ" ಎಂದು ಕೂತುಕೊಂಡ. ನಮ್ಮನ್ನ ಹೂಳೋ ಗುಂಡಿ ಅಳೆದಿರಿ ಎಂದು ಮೇಡಂಗೆ ಚುಚ್ಚಿದ್ದ ದೋಣಿಯವನು ಎಲ್ಲರಿಗಿಂತ ಮೊದಲು ತಲೆಯಾಡಿಸಿದ.

ಮೇಡಂ ಬರೆದ ವರದಿಯಲ್ಲಿ ಮಾದರಿ ಸಿಕ್ಕ ಸ್ಥಳ ಎಂಬಲ್ಲಿ, "ಕೊಯ್ಯುವ ಶೆಡ್ಡು, ಮೂರನೆಯ ಕಟ್ಟೆ" ಎಂದಿತ್ತು. ಅದನ್ನು ಪಕ್ಕದ ಕಟ್ಟೆಯವಳು ಜೋರಾಗಿ ಓದಿ ಹೇಳಿ, "ನಾಲ್ಕನೇ ಕಟ್ಟೆಯೋಳು ನಕ್ಕಳು ಅಂತ ಬರೆದಿಲ್ವಾ?" ಎಂದು ಕೇಳಿದಳು.

ಗುಂಡಿ ಮುಚ್ಚಿದ ಮೊದಲ ದಿನ ಮಧ್ಯಾಹ್ನ ತಮ್ಮನಿಗೆ ಎಲ್ಲಿ ಕೂರುವುದು ಎಂದು ತೋಚಲಿಲ್ಲ. ಬೆಳಿಗ್ಗೆ ಕಲ್ಲುಸಾಲಿಗೆ ಹೋಗಿ, ನಲವತ್ತು ದೋಣಿಗಳ ನಡುವೆ ನಲವತ್ತೊಂದನೆಯವನಾಗಿ ಬಲೆ ಬಿಟ್ಟು, ಸಿಕ್ಕಷ್ಟು ತಂದಿದ್ದ. ಈಗ ಶೆಡ್ಡಿಗೆ ಬಂದು ಮೂರನೆಯ ಕಟ್ಟೆಗೆ ಒರಗಿ ನಿಂತ. ಕತ್ತಿಯಕ್ಕ ಕಟ್ಟೆಯ ಕೆಳಗಿನಿಂದ ಬರೀ ಬುಟ್ಟಿಯನ್ನು ಎಳೆದು, ಬೋರಲು ಹಾಕಿ, "ಕೂತ್ಕೋ" ಎಂದಳು. ಕೈಗೆ ಒಂದು ಕತ್ತಿಯನ್ನೂ ಕೊಟ್ಟಳು. ಅವನು ಎರಡು ಮೀನು ಕೊಯ್ಯುವಷ್ಟರಲ್ಲಿ ಎಂಟೂ ಕಟ್ಟೆಯವರು ಸುತ್ತ ನೆರೆದಿದ್ದರು.

"ಅಯ್ಯೋ, ಇವನು ಮೀನು ಕೊಯ್ತಿದ್ದಾನೋ, ಹಗ್ಗ ಕೊಯ್ತಿದ್ದಾನೋ?"

"ಏಳು ವಾರ ಇದೆ" ಎಂದಳು ಕತ್ತಿಯಕ್ಕ. "ಕಲೀತಾನೆ."

ಗುಂಡಿ ಮುಚ್ಚಿದ ಮೇಲೆ ಆ ವರ್ಷ ಒಣಗಿಸುವ ಹಗ್ಗದ ಮೇಲೆ ಅಪ್ಪನ ಗುಂಡಿಯ ನೀರ್ಹೊಟ್ಟೆ ಒಂದೂ ತೂಗಲಿಲ್ಲ. ಕಾಲ ಮುಗಿದ ಮೇಲೆ ಒಂದು ಸಂಜೆ ಗಂಡ ಅಭ್ಯಾಸದಂತೆ ಕಲ್ಲಿನ ಪಟ್ಟಿಯನ್ನು ಮಡಿಲಿಗೆ ಹಾಕಿಕೊಂಡು, ತುದಿಯಲ್ಲಿ ಹೊಸ ಗೂಡು ಹೆಣೆದು, ಕೈ ಚಾಚಿದ.

"ಕೊಡು ಕಲ್ಲು."

"ಈ ಸಲ ಇಲ್ಲ. ಅದು ಇನ್ನೂ ಮೀನಿನ ತಲೇಲೇ ಇದೆ."

"ಹಾಗಾದ್ರೆ ಗೂಡು ಬಿಚ್ಚಲಾ?"

"ಬಿಚ್ಬೇಡ. ಖಾಲಿ ಇರ್ಲಿ. ಗಂಟು ಹಾಕು."

ಅವನು ಗಂಟು ಹಾಕುವ ಮುಂಚೆ ಸ್ವಲ್ಪ ಯೋಚಿಸಿ, ಹೆಣೆದದ್ದನ್ನು ಒಂದು ಸುತ್ತು ಬಿಚ್ಚಿ, ಮತ್ತೆ ಹೆಣೆದ. ಈ ಸಲದ ಗೂಡು ಹಿಂದಿನದಕ್ಕಿಂತ ಒಂದು ಕಣ್ಣು ದೊಡ್ಡದಾಯಿತು.